ಕತ್ತು ನೋವಿಗೆ ಸರಳ ವ್ಯಾಯಾಮಗಳು

ನಾಟಿ, ಕಳೆ ಮತ್ತು ಕೊಯ್ಲಿನ ಕಾಲದಲ್ಲಿ ಕತ್ತು ನೋವಿನಿಂದ ನರಳುವ ರೈತರು ಮತ್ತು ಕೃಷಿ ಕಾರ್ಮಿಕರು ಅನೇಕ. ಕೂಲಿ ತಪ್ಪುವುದೆಂಬ ಅಂಜಿಕೆಯಿಂದ ನೋವು ನುಂಗಿ ದುಡಿಯುವವರೇ ಹೆಚ್ಚು. ಕೆಲವರು ವಾರಗಟ್ಟಲೆ ಮಲಗುತ್ತಾರೆ. ಇವೆರಡೂ ಸರಿಯಲ್ಲ. ಬಹಳ ದಿನ ಅಲುಗಾಡದೆ ಇದ್ದರೆ ಕತ್ತಿನ ಸ್ನಾಯುಗಳು ಇನ್ನಷ್ಟು ದುರ್ಬಲಗೊಳ್ಳುತ್ತವೆ.

ನೋವಿಗೆ ಕಾರಣ

ವಯಸ್ಕರ ತಲೆಯ ತೂಕ ಸುಮಾರು 4ರಿಂದ 5 ಕಿಲೋಗ್ರಾಂ. ಈ ಭಾರವನ್ನು ಕತ್ತಿನ 7 ಮೂಳೆಗಳು ಮತ್ತು ಅವುಗಳ ಸುತ್ತಲಿನ ಸ್ನಾಯುಗಳು ಹೊರುತ್ತವೆ. ತುಂಬಿದ ಕೊಡವನ್ನು ಸೊಂಟಕ್ಕೆ ಆನಿಸಿಕೊಂಡರೆ ಅಷ್ಟು ಭಾರವೆನಿಸದು. ಕೈ ಚಾಚಿ ಹಿಡಿದರೆ ತೋಳು ಸೋಲುತ್ತದೆ. ತಲೆ ಮುಂದಕ್ಕೆ ಬಾಗಿದಾಗ ಕತ್ತಿಗೂ ಹಾಗೆಯೇ ಆಗುತ್ತದೆ. ಬಗ್ಗಿ ಪೈರು ನೆಡುವವರು, ತಲೆಹೊರೆ ಹೊರುವವರು, ಅಡಿಕೆ ತೋಟದಲ್ಲಿ ದೋಟಿ ಹಿಡಿದು ಮೇಲೆ ನೋಡುತ್ತ ದುಡಿಯುವವರು, ತಲೆ ತಗ್ಗಿಸಿ ಮೊಬೈಲ್ ನೋಡುವವರು ಈ ನೋವಿಗೆ ಸುಲಭವಾಗಿ ಗುರಿಯಾಗುತ್ತಾರೆ.

ಮಾಡಬೇಕಾದ ವ್ಯಾಯಾಮಗಳು

ನೆಟ್ಟಗೆ ಕುಳಿತು, ಉಸಿರು ಬಿಗಿಹಿಡಿಯದೆ, ದಿನಕ್ಕೆ ಎರಡು ಬಾರಿ ಮಾಡಬೇಕು.

1. ನೇರವಾಗಿ ನೋಡುತ್ತ, ತಲೆ ಬಗ್ಗಿಸದೆ ಗದ್ದವನ್ನು ಹಿಂದಕ್ಕೆ ಎಳೆದುಕೊಳ್ಳಬೇಕು. 5 ಸೆಕೆಂಡು ತಡೆದು ಸಡಿಲಿಸಬೇಕು. ಹೀಗೆ 10 ಸಲ.

2. ತಲೆಯನ್ನು ನಿಧಾನವಾಗಿ ಎಡಕ್ಕೆ, ಅನಂತರ ಬಲಕ್ಕೆ, ನೋವಾಗದಷ್ಟು ಮಾತ್ರ ತಿರುಗಿಸಬೇಕು. ಎರಡೂ ಕಡೆಗೆ 5 ಸಲ.

3. ಅಂಗೈಯನ್ನು ಹಣೆಗೆ ಇಟ್ಟು ಮೆಲ್ಲಗೆ ಒತ್ತಬೇಕು; ತಲೆ ಅಲುಗದಂತೆ ಎದುರು ಒತ್ತಬೇಕು. 5 ಸೆಕೆಂಡು ಸಾಕು. ಹಿಂದಲೆಗೆ ಮತ್ತು ಎರಡೂ ಪಕ್ಕಗಳಿಗೆ ಇದೇ ರೀತಿ ಮಾಡಬೇಕು. ಪ್ರತಿಯೊಂದೂ 5 ಸಲ.

4. ಬೆನ್ನಿನ ಎರಡು ರೆಕ್ಕೆ ಎಲುಬುಗಳು ಹತ್ತಿರ ಬರುವಂತೆ ಹೆಗಲುಗಳನ್ನು ಹಿಂದಕ್ಕೆ ಸೆಳೆಯಬೇಕು. 10 ಸಲ.

ಸ್ವಲ್ಪ ಬಿಗಿತ ಸಹಜ. ನೋವು ಹೆಚ್ಚಿದರೆ ಆ ವ್ಯಾಯಾಮವನ್ನು ನಿಲ್ಲಿಸಬೇಕು. ಸ್ನಾಯುಗಳು ಬಲಗೊಳ್ಳಲು ಕೆಲವು ವಾರಗಳು ಬೇಕು. ನಾಲ್ಕು ದಿನ ಮಾಡಿ ಬಿಟ್ಟರೆ ಫಲವಿಲ್ಲ.

ಕೆಲಸದಲ್ಲಿ ಬದಲಾವಣೆ

ವ್ಯಾಯಾಮದೊಂದಿಗೆ ಕತ್ತಿನ ಭಾರವೂ ತಗ್ಗಬೇಕು. ಸಿಂಬೆ ಇಟ್ಟರೆ ತಲೆಗೆ ಒತ್ತುವುದು ತಪ್ಪುತ್ತದೆಯೇ ಹೊರತು ಹೊರೆಯ ತೂಕ ಇಳಿಯದು. ಆದ್ದರಿಂದ ಗೊಬ್ಬರ, ಹುಲ್ಲುಗಳನ್ನು ಕೈಗಾಡಿಯಲ್ಲಿ ಸಾಗಿಸುವುದು, ಇಲ್ಲವೇ ಹೊರೆಯನ್ನು ಎರಡು ಮಾಡಿಕೊಳ್ಳುವುದು ಉತ್ತಮ. ಬಗ್ಗಿ ದುಡಿಯುವವರು ಅರ್ಧ ಗಂಟೆಗೊಮ್ಮೆ ನೆಟ್ಟಗೆ ನಿಂತು ಮೊದಲನೆಯ ವ್ಯಾಯಾಮವನ್ನು ಕೆಲವು ಸಲ ಮಾಡಬಹುದು. ಎತ್ತರದ ದಿಂಬು ಬೇಡ. ಮೊಬೈಲನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಬೇಕು.

ಎಚ್ಚರಿಕೆ

ಕತ್ತನ್ನು ಥಟ್ಟನೆ ತಿರುಗಿಸಿ ಲಟಿಕೆ ತೆಗೆಸಬಾರದು. ಅಪರೂಪಕ್ಕಾದರೂ ಮಿದುಳಿಗೆ ರಕ್ತ ಒಯ್ಯುವ ನಾಳಗಳಿಗೆ ಇದರಿಂದ ಪೆಟ್ಟಾಗುವುದುಂಟು. ಮರದಿಂದ ಬಿದ್ದ ಮೇಲೆ ನೋವು ಬಂದರೆ, ಕೈ ಜೋಮು ಹಿಡಿದರೆ, ಹಿಡಿತ ಸಡಿಲಗೊಂಡು ಕುಡುಗೋಲು ಜಾರಿದರೆ, ನಡೆಯುವಾಗ ತೂರಾಡಿದರೆ, ಮಲಮೂತ್ರದ ಹತೋಟಿ ತಪ್ಪಿದರೆ ಅಥವಾ ನೋವಿನೊಂದಿಗೆ ಜ್ವರವಿದ್ದರೆ ವ್ಯಾಯಾಮ ಮಾಡದೆ ಕೂಡಲೇ ವೈದ್ಯರಲ್ಲಿ ತೋರಿಸಬೇಕು. ಎದೆನೋವಿನೊಂದಿಗೆ ಕತ್ತು, ತೋಳು ನೋಯುವುದು ಹೃದಯಾಘಾತದ ಲಕ್ಷಣವಿರಬಹುದು, ತಡ ಸಲ್ಲದು.

ವಿಸ್ತರಣಾ ಕಾರ್ಯಕರ್ತರು ಮಹಿಳಾ ಸಂಘಗಳ ಸಭೆಯಲ್ಲಿ ಈ ನಾಲ್ಕು ವ್ಯಾಯಾಮಗಳನ್ನು ಮಾಡಿ ತೋರಿಸಬಹುದು. ಇದಕ್ಕೆ ಖರ್ಚಿಲ್ಲ, ದಿನಕ್ಕೆರಡು ಬಾರಿ ಹತ್ತು ನಿಮಿಷ ಸಾಕು.