ನಿಲ್ಲಿಸಿದ ಬೈಕಿನ ಮೇಲೆ ಕುಳಿತರೆ ಸ್ಟ್ಯಾಂಡ್ ಮುರಿಯುವುದೇ? – ಗುರುತ್ವಕೇಂದ್ರ ಮತ್ತು ಸಮತೋಲನದ ಪಾಠಕ್ಕೊಂದು ಪೂರಕ ಲೇಖನ

ಪೀಠಿಕೆ

ಕಾಸರಗೋಡು ಜಿಲ್ಲೆಯ ಬಹುತೇಕ ಶಾಲೆಗಳ ಅಂಗಳದಲ್ಲಿ ಮರದ ನೆರಳಿನಲ್ಲಿ ಅಧ್ಯಾಪಕರ ನಾಲ್ಕಾರು ಬೈಕುಗಳೂ ಸ್ಕೂಟರುಗಳೂ ನಿಂತಿರುತ್ತವೆ. ಬಿಡುವಿನ ವೇಳೆಯಲ್ಲಿ ಮಕ್ಕಳು ಅವುಗಳ ಮೇಲೇರಿ ಹ್ಯಾಂಡಲ್ ಹಿಡಿದು ಕುಳಿತುಕೊಳ್ಳುವುದೂ, "ಇಳಿಯಿರಿ, ಸ್ಟ್ಯಾಂಡ್ ಮುರಿಯುತ್ತದೆ" ಎಂದು ಹಿರಿಯರು ಗದರಿಸುವುದೂ ಹೊಸತಲ್ಲ. ಮಕ್ಕಳು ಇಳಿಯುತ್ತಾರೆ. ಆದರೆ ಅದೇ ಸಂಜೆ ಪೇಟೆಯಲ್ಲಿ, ಸೈಡ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಬೈಕಿನ ಮೇಲೆ ಇಬ್ಬರು ಹಿರಿಯರು ಕುಳಿತು ಅರ್ಧ ಗಂಟೆ ಮಾತನಾಡುವುದನ್ನು ಅವರು ಕಾಣುತ್ತಾರೆ. ಸ್ಟ್ಯಾಂಡ್ ಮುರಿಯುವುದಿಲ್ಲ. ಅಂದಿನಿಂದ ಆ ಎಚ್ಚರಿಕೆಗೆ ಬೆಲೆಯೂ ಇರುವುದಿಲ್ಲ.

ಎಚ್ಚರಿಕೆ ಸುಳ್ಳಲ್ಲ, ಅದಕ್ಕೆ ಕೊಟ್ಟ ಕಾರಣವು ಅಪೂರ್ಣವಾದುದು. ಸ್ಟ್ಯಾಂಡ್‌ನ ಮೇಲೆ ಬೀಳುವ ಭಾರ ಎಷ್ಟು, ಅದು ಯಾವಾಗ ಹೆಚ್ಚುತ್ತದೆ, ಯಾವಾಗ ಇಲ್ಲವಾಗುತ್ತದೆ ಎಂಬುದನ್ನು ಮಕ್ಕಳು ತಾವೇ ಅಳೆದು ತಿಳಿದರೆ ನಿಜವಾದ ಅಪಾಯ ಎಲ್ಲಿದೆ ಎಂಬುದು ಅವರಿಗೆ ಸ್ಪಷ್ಟವಾಗುವುದು. ಪ್ರೌಢಶಾಲಾ ತರಗತಿಗಳಲ್ಲಿ ಗುರುತ್ವಕೇಂದ್ರ, ಸನ್ನೆ, ಒತ್ತಡ ಎಂಬ ಪರಿಕಲ್ಪನೆಗಳನ್ನು ಕಲಿಸುವಾಗ ಈ ಲೇಖನವನ್ನು ಬಳಸಿಕೊಳ್ಳಬಹುದು.

ಕಲಿಕೆಯ ಸಾಧನೆಗಳು

• ವಸ್ತುವಿನ ಗುರುತ್ವಕೇಂದ್ರದ ಸ್ಥಾನಕ್ಕೂ ಅದರ ಸ್ಥಿರತೆಗೂ ಇರುವ ಸಂಬಂಧವನ್ನು ವಿವರಿಸುವನು/ವಿವರಿಸುವಳು.
• ಭಾರ ಮತ್ತು ಆಧಾರದಿಂದ ಅದರ ದೂರ, ಇವುಗಳ ಗುಣಲಬ್ಧವನ್ನು ಲೆಕ್ಕಹಾಕಿ ಆಧಾರದ ಮೇಲಿನ ಭಾರವನ್ನು ಕಂಡುಹಿಡಿಯುವನು/ಕಂಡುಹಿಡಿಯುವಳು.
• ನಿಲ್ಲಿಸಿದ ವಾಹನದ ಬಳಿ ವಹಿಸಬೇಕಾದ ಎಚ್ಚರಿಕೆಗಳಿಗೆ ವೈಜ್ಞಾನಿಕ ಕಾರಣ ನೀಡುವನು/ನೀಡುವಳು.

ಪದಗಳ ಕುರಿತು ಒಂದು ಸೂಚನೆ

ಈ ಪಾಠಭಾಗವನ್ನು ಮಲಯಾಳದಲ್ಲಿ ಓದಿದ ಅಧ್ಯಾಪಕರಿಗೆ 'ಉತ್ತೋಲಕಂ', 'ಧಾರಂ' ಎಂಬ ಪದಗಳು ಪರಿಚಿತವಾಗಿರುತ್ತವೆ. ಕನ್ನಡ ತರಗತಿಯಲ್ಲಿ ಅವುಗಳಿಗೆ 'ಸನ್ನೆ', 'ಆಧಾರಬಿಂದು' ಎಂಬ ಪದಗಳನ್ನು ಬಳಸಬೇಕು. 'ಸನ್ನೆಗೋಲು' ಎಂಬುದು ಕಲ್ಲು ಎಬ್ಬಿಸುವ ಕೆಲಸದಿಂದ ಬಂದ ಪದವಾದುದರಿಂದ ಮಕ್ಕಳಿಗೆ ವಿವರಣೆಯ ಅಗತ್ಯ ಕಡಿಮೆ. ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಮನೆಮಾತಿನ ಮಕ್ಕಳು ಮೊದಲು ತಮ್ಮ ಮಾತಿನಲ್ಲೇ ವಿವರಿಸಲಿ. ಕ್ರೋಡೀಕರಣದ ಹಂತದಲ್ಲಿ ಕನ್ನಡ ಪದವನ್ನು ಕರಿಹಲಗೆಯಲ್ಲಿ ಬರೆದರೆ ಸಾಕು. ಸ್ಟ್ಯಾಂಡ್, ಬೋಲ್ಟ್, ಸ್ಪ್ರಿಂಗ್ ಮೊದಲಾದ ಪದಗಳನ್ನು ಬದಲಿಸಬೇಕಾಗಿಲ್ಲ.

ವಿಷಯ ವಿವರಣೆ

ಗೊನೆ ಬಿಟ್ಟ ಬಾಳೆಯು ವಾಲಿದ ಕಡೆಗೆ ಕವಲುಳ್ಳ ಕೋಲೊಂದನ್ನು ಆಧಾರವಾಗಿ ಕೊಡುವುದನ್ನು ನಮ್ಮ ತೋಟಗಳಲ್ಲಿ ಮಕ್ಕಳು ನೋಡಿದ್ದಾರೆ. ಬಾಳೆಯ ಪೂರ್ತಿ ಭಾರವನ್ನು ಆ ಕೋಲು ಹೊರುವುದಿಲ್ಲ. ಹೆಚ್ಚಿನ ಪಾಲು ಬುಡದ ಮೂಲಕವೇ ನೆಲಕ್ಕೆ ಹೋಗುತ್ತದೆ. ವಾಲುವಿಕೆಯಿಂದ ಉಂಟಾಗುವ ಬೀಳುವ ಪ್ರವೃತ್ತಿಯನ್ನು ತಡೆಯುವುದಷ್ಟೇ ಕೋಲಿನ ಕೆಲಸ. ಬೈಕಿನ ಸೈಡ್ ಸ್ಟ್ಯಾಂಡ್‌ನ ಕೆಲಸವೂ ಇದೇ ಆಗಿದೆ.

ಸೈಡ್ ಸ್ಟ್ಯಾಂಡ್ ಹಾಕಿದ ಬೈಕ್ ಎಡಕ್ಕೆ ಸ್ವಲ್ಪ ವಾಲಿ, ಎರಡು ಟಯರುಗಳು ಮತ್ತು ಸ್ಟ್ಯಾಂಡ್‌ನ ಪಾದ ಎಂಬ ಮೂರು ಬಿಂದುಗಳ ಮೇಲೆ ನಿಲ್ಲುತ್ತದೆ. ಟಯರುಗಳು ನೆಲವನ್ನು ಮುಟ್ಟುವ ಎರಡು ಬಿಂದುಗಳನ್ನು ಸೇರಿಸುವ ರೇಖೆಯನ್ನು 'ಟಯರ್‌ರೇಖೆ' ಎಂದು ಕರೆಯೋಣ. ಬೈಕ್ ಎಡಕ್ಕಾಗಲೀ ಬಲಕ್ಕಾಗಲೀ ಬೀಳುವುದಾದರೆ ಈ ರೇಖೆಯ ಸುತ್ತಲೇ ತಿರುಗಬೇಕು. ಸನ್ನೆಯ ನಿಯಮವನ್ನು ಕ್ರಿ.ಪೂ. 3ನೆಯ ಶತಮಾನದಲ್ಲಿ ಗ್ರೀಕ್ ಗಣಿತಜ್ಞ ಆರ್ಕಿಮಿಡೀಸ್ ನಿರೂಪಿಸಿದನು: ಭಾರವನ್ನು ಆಧಾರದಿಂದ ಅದರ ದೂರದಿಂದ ಗುಣಿಸಿದಾಗ ಎರಡೂ ಕಡೆಯ ಗುಣಲಬ್ಧಗಳು ಸಮನಾದರೆ ಸಮತೋಲನ ಉಂಟಾಗುತ್ತದೆ. ಅದೇ ನಿಯಮ ಇಲ್ಲಿಯೂ ಅನ್ವಯವಾಗುತ್ತದೆ.

ಲೆಕ್ಕಕ್ಕಾಗಿ ಕೆಲವು ಅಳತೆಗಳನ್ನು ಊಹಿಸಿಕೊಳ್ಳೋಣ. ಬೈಕಿನ ಭಾರ 110 ಕಿ.ಗ್ರಾಂ. ಅದು ನೆಟ್ಟಗೆ ನಿಂತಾಗ ಗುರುತ್ವಕೇಂದ್ರದ ಎತ್ತರ 50 ಸೆ.ಮೀ. ಸ್ಟ್ಯಾಂಡ್ ಹಾಕಿದಾಗ ವಾಲುವ ಕೋನ ಸುಮಾರು 12 ಡಿಗ್ರಿ. ಹೀಗೆ ವಾಲಿದಾಗ ಪ್ರತಿ 100 ಸೆ.ಮೀ. ಎತ್ತರಕ್ಕೆ ಸುಮಾರು 20 ಸೆ.ಮೀ. ಎಡಕ್ಕೆ ಸರಿಯುವುದರಿಂದ ಗುರುತ್ವಕೇಂದ್ರವು ಟಯರ್‌ರೇಖೆಯಿಂದ 10 ಸೆ.ಮೀ. ಎಡಕ್ಕೆ ಬರುತ್ತದೆ. ಸ್ಟ್ಯಾಂಡ್‌ನ ಪಾದವು ಅದೇ ರೇಖೆಯಿಂದ 30 ಸೆ.ಮೀ. ದೂರದಲ್ಲಿರಲಿ.

ಯಾರೂ ಕುಳಿತಿಲ್ಲದಾಗ: 110 × 10 ÷ 30 = ಸುಮಾರು 37 ಕಿ.ಗ್ರಾಂ. ಅಂದರೆ ಬೈಕಿನ ಮೂರನೆಯ ಒಂದು ಪಾಲು ಭಾರ ಮಾತ್ರ ಸ್ಟ್ಯಾಂಡ್‌ನ ಮೇಲಿದೆ.

60 ಕಿ.ಗ್ರಾಂ. ಭಾರದ ಒಬ್ಬರು ಎರಡೂ ಕಾಲುಗಳನ್ನು ಫುಟ್‌ರೆಸ್ಟ್ ಮೇಲಿಟ್ಟು ಬೈಕಿನೊಂದಿಗೆ ವಾಲಿ ಕುಳಿತಾಗ: ಅವರ ಗುರುತ್ವಕೇಂದ್ರವು ಸುಮಾರು 100 ಸೆ.ಮೀ. ಎತ್ತರದಲ್ಲಿರುವುದರಿಂದ 20 ಸೆ.ಮೀ. ಎಡಕ್ಕೆ ಬರುತ್ತದೆ. 60 × 20 ÷ 30 = 40 ಕಿ.ಗ್ರಾಂ. ಒಟ್ಟು 77 ಕಿ.ಗ್ರಾಂ. ಸ್ಟ್ಯಾಂಡ್‌ನ ಮೇಲಿನ ಭಾರ ಇಮ್ಮಡಿಗಿಂತ ಹೆಚ್ಚಾಯಿತು. ಅಷ್ಟೇ ಭಾರದ ಇನ್ನೊಬ್ಬರೂ ಹಾಗೆಯೇ ಕುಳಿತರೆ ಅದು 117 ಕಿ.ಗ್ರಾಂ. ಆಗುತ್ತದೆ.

ಕುಳಿತವರು ಕಾಲುಗಳನ್ನು ನೆಲಕ್ಕೂರಿದಾಗ: ಅವರ ಭಾರದ ಒಂದಂಶ ನೇರವಾಗಿ ನೆಲಕ್ಕೆ ಹೋಗುವುದರಿಂದ ಸ್ಟ್ಯಾಂಡ್‌ಗೆ ಬರುವ ಹೆಚ್ಚುವರಿ ಭಾರ ಅದೇ ಪ್ರಮಾಣದಲ್ಲಿ ತಗ್ಗುತ್ತದೆ.

ಎಡಗಡೆಯ ಫುಟ್‌ರೆಸ್ಟ್ ಮೆಟ್ಟಿ ಮೇಲೇರುವಾಗ: ಫುಟ್‌ರೆಸ್ಟ್‌ನ ತುದಿ ಸ್ಟ್ಯಾಂಡ್‌ನ ಪಾದದಷ್ಟೇ ಹೊರಗಿದ್ದರೆ ಏರುವವರ 60 ಕಿ.ಗ್ರಾಂ. ಪೂರ್ತಿಯಾಗಿ ಸ್ಟ್ಯಾಂಡ್‌ನ ಮೇಲೆಯೇ ಬೀಳುತ್ತದೆ. ಒಟ್ಟು 97 ಕಿ.ಗ್ರಾಂ. ಹಾರಿ ಏರಿದರೆ ಆ ಕ್ಷಣದ ಬಲ ಇದಕ್ಕಿಂತಲೂ ಅಧಿಕ.

ಒಬ್ಬರು ಸುಮ್ಮನೆ ಕುಳಿತಿರುವುದಕ್ಕಿಂತ ಅವರೇ ಎಡಗಡೆಯಿಂದ ಮೆಟ್ಟಿ ಏರುವಾಗ ಸ್ಟ್ಯಾಂಡ್ ಹೆಚ್ಚು ದಣಿಯುತ್ತದೆ ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ. ದಪ್ಪನೆಯ ಉಕ್ಕಿನ ಕಾಲು ಅಷ್ಟು ಸುಲಭವಾಗಿ ಮುರಿಯುವುದಿಲ್ಲ. ಮೊದಲು ಸವೆಯುವುದು ಕಾಲು ತಿರುಗುವಲ್ಲಿನ ಬೋಲ್ಟ್, ಅದನ್ನು ಹಿಡಿದಿರುವ ಬ್ರಾಕೆಟ್ ಮತ್ತು ಅದರ ವೆಲ್ಡಿಂಗ್. ಬೋಲ್ಟ್ ಸವೆದು ಸಡಿಲವಾದಂತೆ ಬೈಕ್ ಇನ್ನಷ್ಟು ವಾಲುತ್ತದೆ. ವಾಲಿದಷ್ಟೂ ಗುರುತ್ವಕೇಂದ್ರ ಹೊರಗೆ ಸರಿದು ಸ್ಟ್ಯಾಂಡ್‌ನ ಭಾರ ಹೆಚ್ಚುತ್ತದೆ. ಆದುದರಿಂದ ಗಟ್ಟಿಯಾದ ಸ್ಟ್ಯಾಂಡ್‌ನ ಮೇಲೆ ಒಬ್ಬರು ಸ್ವಲ್ಪ ಹೊತ್ತು ಕುಳಿತರೆ ಹಾನಿ ಇಲ್ಲ. ದಿನವೂ ಕುಲುಕಾಡುವುದು, ಇಬ್ಬರು ಮೂವರು ಏರುವುದು ಹಾನಿಕರ ಎನ್ನುವುದೇ ಸರಿಯಾದ ಉತ್ತರ.

ಡಬಲ್ ಸ್ಟ್ಯಾಂಡ್ ಹಾಕಿದಾಗ ಬೈಕ್ ಎಡಬಲಗಳಿಗೆ ವಾಲುವುದಿಲ್ಲ. ಭಾರದ ಹೆಚ್ಚಿನ ಪಾಲು ಎರಡು ಕಾಲುಗಳಿಗೆ ಹಂಚಿಹೋಗಿ ಹೆಚ್ಚುಕಡಿಮೆ ನೇರವಾಗಿ ಕೆಳಗೆ ಇಳಿಯುತ್ತದೆ. ಇಲ್ಲಿನ ಅಪಾಯ ಬೇರೆ: ಕುಳಿತವರು ಮುಂದಕ್ಕೆ ನೂಕಿದರೆ ಸ್ಟ್ಯಾಂಡ್ ಮಡಚಿಕೊಂಡು ಬೈಕ್ ಮುಂದಕ್ಕೆ ಜಾರುತ್ತದೆ.

ಮಳೆಗಾಲದ ನೆಲ

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3000 ಮಿ.ಮೀ.ಗಿಂತ ಅಧಿಕ ಮಳೆಯಾಗುತ್ತದೆ. ಇಲ್ಲಿನ ಗುಡ್ಡಗಳು ಮುರಕಲ್ಲಿನವು. ಈ ಕಲ್ಲಿಗೆ 'ಲ್ಯಾಟರೈಟ್' ಎಂಬ ಹೆಸರನ್ನಿಟ್ಟವನು ಮಲಬಾರು ಮತ್ತು ಕೆನರಾ ಪ್ರದೇಶಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್. 1807ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಅವನು, ಅಗೆಯುವಾಗ ಮೆದುವಾಗಿದ್ದು ಗಾಳಿಗೆ ತೆರೆದುಕೊಂಡಾಗ ಗಟ್ಟಿಯಾಗುವ ಇದರ ಗುಣವನ್ನು ದಾಖಲಿಸಿದ್ದಾನೆ. ಗಟ್ಟಿ ಮುರಕಲ್ಲಿನ ಮೇಲೆ ಸ್ಟ್ಯಾಂಡ್ ಭದ್ರವಾಗಿ ನಿಲ್ಲುತ್ತದೆ. ಆದರೆ ಅದರ ಮೇಲಿನ ಕೆಮ್ಮಣ್ಣು ಮಳೆಗೆ ನೆನೆದಾಗ, ಕರಾವಳಿಯ ಸಡಿಲ ಹೊಯಿಗೆಯಲ್ಲಿ ಕೂಡ, ಪಾದ ಹೂತುಹೋಗುತ್ತದೆ.

ಕಾರಣ ಒತ್ತಡವೇ. ಸ್ಟ್ಯಾಂಡ್‌ನ ಪಾದದ ವಿಸ್ತೀರ್ಣ 15 ಚದರ ಸೆ.ಮೀ. ಎಂದಿಟ್ಟುಕೊಂಡರೆ 37 ಕಿ.ಗ್ರಾಂ. ಭಾರವು ಪ್ರತಿ ಚದರ ಸೆ.ಮೀ.ಗೆ ಸುಮಾರು 2.5 ಕಿ.ಗ್ರಾಂ. ಆಗಿ ಒತ್ತುತ್ತದೆ. 10 ಸೆ.ಮೀ. ಉದ್ದಗಲದ ಹಲಗೆಯ ತುಂಡು ಅಥವಾ ಚಪ್ಪಟೆ ಕಲ್ಲನ್ನು ಅಡಿಗಿಟ್ಟರೆ ಅದು 0.37ಕ್ಕೆ ಇಳಿಯುತ್ತದೆ. ಪಾದವು ಕೇವಲ 3 ಸೆ.ಮೀ. ಹೂತುಹೋದರೂ ವಾಲುವಿಕೆ ಸುಮಾರು 6 ಡಿಗ್ರಿಯಷ್ಟು ಹೆಚ್ಚಿ, ಸ್ಟ್ಯಾಂಡ್‌ನ ಭಾರ 37ರಿಂದ ಸುಮಾರು 57 ಕಿ.ಗ್ರಾಂ.ಗೆ ಏರುತ್ತದೆ. ಭಾರ ಹೆಚ್ಚಿದಂತೆ ಪಾದ ಇನ್ನಷ್ಟು ಹೂಳುತ್ತದೆ. ಯಾರೂ ಮುಟ್ಟದ ಬೈಕ್ ಮಳೆಯ ರಾತ್ರಿ ತಾನಾಗಿ ಬಿದ್ದಿರುವುದರ ರಹಸ್ಯ ಇಷ್ಟೇ.

ನಿಜವಾದ ಅಪಾಯ: ಬಲಗಡೆ

ಸ್ಟ್ಯಾಂಡ್ ಇರುವುದು ಎಡಗಡೆ. ಬಲಕ್ಕೆ ಬೀಳುವುದನ್ನು ತಡೆಯಲು ಬೈಕಿನ ಸ್ವಂತ ವಾಲುವಿಕೆಯ ಹೊರತು ಬೇರೇನೂ ಇಲ್ಲ. ಮೇಲಿನ ಲೆಕ್ಕದಲ್ಲಿ ಅದರ ಬೆಲೆ 110 × 10 = 1100. ಈಗ 30 ಕಿ.ಗ್ರಾಂ. ಭಾರದ ಮಗುವೊಂದು ಬಲಗಡೆಯ ಫುಟ್‌ರೆಸ್ಟ್ ಮೇಲೆ ನಿಂತು, ಹ್ಯಾಂಡಲ್‌ಗೆ ಜೋತು, ತನ್ನ ಗುರುತ್ವಕೇಂದ್ರವು ಟಯರ್‌ರೇಖೆಯಿಂದ 40 ಸೆ.ಮೀ. ಹೊರಗಿರುವಂತೆ ಬಾಗಿತೆನ್ನೋಣ. 30 × 40 = 1200. ಇದು 1100ಕ್ಕಿಂತ ಹೆಚ್ಚು. ಸ್ಟ್ಯಾಂಡ್ ನೆಲದಿಂದ ಮೇಲೇಳುತ್ತದೆ, 110 ಕಿ.ಗ್ರಾಂ.ನ ಬೈಕ್ ಮಗುವಿನ ಮೇಲೆಯೇ ಬೀಳುತ್ತದೆ. ನೆಲದಲ್ಲಿ ನಿಂತು 95 ಸೆ.ಮೀ. ಎತ್ತರದ ಹ್ಯಾಂಡಲನ್ನು 12 ಕಿ.ಗ್ರಾಂ.ನಷ್ಟು ಬಲದಿಂದ ಬಲಕ್ಕೆ ಎಳೆದರೂ ಗುಣಲಬ್ಧ 1140 ಆಗುತ್ತದೆ, ಫಲಿತಾಂಶ ಅದೇ.

ಇಲ್ಲಿ ಸ್ಟ್ಯಾಂಡ್ ಮುರಿದಿಲ್ಲ. ಅದರ ಮೇಲೆ ಭಾರವೇ ಇಲ್ಲದಂತಾಗಿದೆ. "ಸ್ಟ್ಯಾಂಡ್ ಮುರಿಯುತ್ತದೆ" ಎಂಬ ಗದರಿಕೆಯು ಮಕ್ಕಳ ಗಮನವನ್ನು ಎಡಗಡೆಗೆ ಸೆಳೆಯುತ್ತದೆ. ಅವರು ಪೆಟ್ಟು ತಿನ್ನುವ ಸಾಧ್ಯತೆ ಹೆಚ್ಚಾಗಿರುವುದು ಬಲಗಡೆಯಲ್ಲಿ. ಅಧ್ಯಾಪಕರು ಮನವರಿಕೆ ಮಾಡಿಕೊಡಬೇಕಾದ ಮುಖ್ಯ ಅಂಶವಿದು.

ಚಟುವಟಿಕೆ: ಸೈಕಲ್ ಮತ್ತು ತೂಕದ ಯಂತ್ರ

ಈ ಪ್ರಯೋಗವನ್ನು ಬೈಕಿನಲ್ಲಿ ಮಾಡಬಾರದು. ಸೈಡ್ ಸ್ಟ್ಯಾಂಡ್ ಇರುವ ಸೈಕಲ್, ಮಕ್ಕಳ ತೂಕ ನೋಡುವ ಯಂತ್ರ, ಯಂತ್ರದಷ್ಟೇ ಎತ್ತರದ ಎರಡು ಹಲಗೆಗಳು, 5 ಕಿ.ಗ್ರಾಂ.ನ ಎರಡು ಹೊಯಿಗೆ ಚೀಲಗಳು, ಅಳತೆಪಟ್ಟಿ ಇವಿಷ್ಟು ಸಾಕು. ಮಕ್ಕಳನ್ನು ಸೈಕಲ್ ಮೇಲೆ ಕೂರಿಸಬಾರದು.

1. ಚಕ್ರಗಳ ಅಡಿಗೆ ಹಲಗೆಗಳನ್ನೂ ಸ್ಟ್ಯಾಂಡ್‌ನ ಅಡಿಗೆ ತೂಕದ ಯಂತ್ರವನ್ನೂ ಇಡಿರಿ. ಹಲಗೆ ಇಡದಿದ್ದರೆ ವಾಲುವಿಕೆ ಬದಲಾಗಿ ಅಳತೆ ತಪ್ಪುತ್ತದೆ.
2. ಚೀಲವಿಲ್ಲದಾಗಿನ ತೂಕವನ್ನು ಬರೆದುಕೊಳ್ಳಲಿ.
3. ಚೀಲವನ್ನು ಸೀಟಿನ ಮೇಲೆ, ಎಡ ಹ್ಯಾಂಡಲ್‌ನಲ್ಲಿ, ಬಲ ಹ್ಯಾಂಡಲ್‌ನಲ್ಲಿ ಒಂದೊಂದಾಗಿ ಇಟ್ಟು ತೂಕ ಗುರುತಿಸಲಿ. ಪ್ರತಿ ಸಲವೂ ಮೊದಲು ಊಹಿಸಿ, ನಂತರ ಅಳೆಯಲಿ.
4. ಬಲ ಹ್ಯಾಂಡಲ್‌ಗೆ ಎರಡನೆಯ ಚೀಲವನ್ನೂ ನಿಧಾನವಾಗಿ ಜೋಡಿಸಲಿ. ಒಬ್ಬರು ಸೈಕಲನ್ನು ಬೀಳದಂತೆ ನೋಡಿಕೊಳ್ಳಬೇಕು. ಯಂತ್ರದ ಸೂಚಕ ಸೊನ್ನೆಗೆ ಬಂದರೆ ಅದೇ ಸೈಕಲ್ ಬಲಕ್ಕೆ ಬೀಳತೊಡಗುವ ಕ್ಷಣ.

ಚರ್ಚಾಸೂಚಕಗಳು

• ಒಂದೇ ಚೀಲ ಬೇರೆ ಬೇರೆ ಕಡೆ ಇಟ್ಟಾಗ ಸ್ಟ್ಯಾಂಡ್‌ನ ಭಾರ ಬದಲಾದುದೇಕೆ?
• ಬಲಗಡೆ ಭಾರ ತೂಗಿಸಿದಾಗ ಯಂತ್ರವು ಕಡಿಮೆ ತೋರಿಸಿತು. ಆ ಭಾರ ಎಲ್ಲಿಗೆ ಹೋಯಿತು?
• ಇಳಿಜಾರಿನಲ್ಲಿ, ಎಡಭಾಗ ಎತ್ತರವಾಗಿರುವಂತೆ ಬೈಕ್ ನಿಲ್ಲಿಸಿದರೆ ಏನಾಗಬಹುದು?

ಕ್ರೋಡೀಕರಣ

ಆಧಾರದ ಮೇಲಿನ ಭಾರವನ್ನು ನಿರ್ಧರಿಸುವುದು ಎಷ್ಟು ಭಾರವಿದೆ ಎಂಬುದು ಮಾತ್ರವಲ್ಲ, ಅದು ಎಲ್ಲಿದೆ ಎಂಬುದು ಕೂಡ. ಇದು ಮಕ್ಕಳ ಮಾತಿನಲ್ಲೇ ಬರಲಿ. ನಿಲ್ಲಿಸಿದ ವಾಹನವು ತಾನಾಗಿ ಚಲಿಸದಂತೆ ನೋಡಿಕೊಳ್ಳುವ ಹೊಣೆಯನ್ನು 1988ರ ಮೋಟಾರು ವಾಹನ ಕಾಯಿದೆಯ 126ನೆಯ ಸೆಕ್ಷನ್ ವಾಹನದ ಹೊಣೆಗಾರರಿಗೆ ವಹಿಸಿದೆ ಎಂಬುದನ್ನೂ ಸೂಚಿಸಬಹುದು. ಹೊಣೆ ಮಕ್ಕಳದು ಮಾತ್ರವಲ್ಲ. ಅಧ್ಯಾಪಕರು ತಮ್ಮ ವಾಹನವನ್ನು ಆಟದ ಜಾಗದಿಂದ ದೂರ, ಗಟ್ಟಿ ನೆಲದಲ್ಲಿ, ಸಾಧ್ಯವಿದ್ದರೆ ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಬೇಕು. ಕೀಲಿಕೈಯನ್ನು ಅದರಲ್ಲೇ ಬಿಡಬಾರದು.

ಮೌಲ್ಯಮಾಪನ

1. ಮೇಲಿನ ಬೈಕಿನ ಸ್ಟ್ಯಾಂಡ್‌ನ ಪಾದವು ಟಯರ್‌ರೇಖೆಯಿಂದ 30ರ ಬದಲು 25 ಸೆ.ಮೀ. ದೂರದಲ್ಲಿದ್ದರೆ, ಯಾರೂ ಕುಳಿತಿಲ್ಲದಾಗ ಅದರ ಮೇಲಿನ ಭಾರವೆಷ್ಟು? (ಉತ್ತರ: 44 ಕಿ.ಗ್ರಾಂ.)
2. 190 ಕಿ.ಗ್ರಾಂ. ಭಾರದ ಬೈಕಿನ ಗುರುತ್ವಕೇಂದ್ರವೂ ಟಯರ್‌ರೇಖೆಯಿಂದ 10 ಸೆ.ಮೀ. ಎಡಕ್ಕಿದೆ. 95 ಸೆ.ಮೀ. ಎತ್ತರದ ಹ್ಯಾಂಡಲನ್ನು ಕನಿಷ್ಠ ಎಷ್ಟು ಬಲದಿಂದ ಬಲಕ್ಕೆ ಎಳೆದರೆ ಅದು ಬೀಳತೊಡಗುತ್ತದೆ? (ಉತ್ತರ: 20 ಕಿ.ಗ್ರಾಂ. ಭಾರಕ್ಕಿಂತ ಹೆಚ್ಚು)
3. ನಿಮ್ಮ ತಮ್ಮ ಅಥವಾ ತಂಗಿ ನಿಲ್ಲಿಸಿದ ಬೈಕನ್ನು ಬಲಗಡೆಯಿಂದ ಏರಲು ಹೊರಟಿದ್ದಾರೆ. ಗದರಿಸದೆ, ಕಾರಣ ಸಹಿತ ತಿಳಿಹೇಳುವ ನಾಲ್ಕು ವಾಕ್ಯಗಳನ್ನು ಬರೆಯಿರಿ.

ಮೂರನೆಯ ಪ್ರಶ್ನೆಯ ಉತ್ತರಗಳನ್ನು ತರಗತಿಯಲ್ಲಿ ಓದಿಸಿರಿ. ಲೆಕ್ಕದಲ್ಲಿ ಹಿಂದುಳಿದ ಮಗುವೂ ಈ ನಾಲ್ಕು ವಾಕ್ಯಗಳನ್ನು ಸರಿಯಾಗಿ ಬರೆದರೆ ಪಾಠದ ಉದ್ದೇಶ ಈಡೇರಿದೆಯೆಂದು ತಿಳಿಯಬಹುದು.