ಚಿಮಣಿಯ ದೂಳು ಮತ್ತು ನಿಮ್ಮ ಶ್ವಾಸಕೋಶ

ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಸಕ್ಕರೆ ಕಾರ್ಖಾನೆಯ ಸುತ್ತಲಿನ ಊರುಗಳಲ್ಲಿ ಗೃಹಿಣಿಯರ ಕೆಲಸ ಹೆಚ್ಚುತ್ತದೆ. ಒಗೆದು ಒಣಹಾಕಿದ ಬಟ್ಟೆ, ಅಂಗಳದಲ್ಲಿ ಹರವಿದ ಕಾಳು, ತೊಟ್ಟಿಯ ನೀರು ಎಲ್ಲದರ ಮೇಲೂ ಕಪ್ಪು ಬೂದಿಯ ಚೂರುಗಳು ಬಂದು ಕೂರುತ್ತವೆ. ಮಂಡ್ಯ, ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಬಟ್ಟೆಯನ್ನು ಮಸಿ ಮಾಡುವ ಈ ಬೂದಿಗಿಂತ, ಕಣ್ಣಿಗೇ ಬೀಳದ ದೂಳು ಆರೋಗ್ಯಕ್ಕೆ ಹೆಚ್ಚು ಕೆಟ್ಟದ್ದು.

ರಸ ಹಿಂಡಿದ ಮೇಲೆ ಉಳಿಯುವ ಕಬ್ಬಿನ ಸಿಪ್ಪೆಯೇ ಸಕ್ಕರೆ ಕಾರ್ಖಾನೆಯ ಬಾಯ್ಲರಿಗೆ ಉರುವಲು. ಅದರ ತೂಕದಲ್ಲಿ ಸುಮಾರು ಅರ್ಧ ಭಾಗ ನೀರೇ ಇರುತ್ತದೆ. ಅದು ಉರಿಯುವಾಗ ಬೂದಿಯೂ ಅರೆಬೆಂದ ಚೂರುಗಳೂ ಬಿಸಿ ಹೊಗೆಯೊಡನೆ ಮೇಲೇಳುತ್ತವೆ. ಇವು ಚಿಮಣಿಯಿಂದ ಹೊರಬೀಳದಂತೆ ಅನೇಕ ಕಾರ್ಖಾನೆಗಳಲ್ಲಿ ‘ವೆಟ್ ಸ್ಕ್ರಬರ್’ ಎಂಬ ಸಾಧನವನ್ನು ಅಳವಡಿಸಿರುತ್ತಾರೆ. ಇದನ್ನು ಹೊಗೆಗೆ ಸ್ನಾನ ಮಾಡಿಸುವ ಯಂತ್ರ ಎನ್ನಬಹುದು. ಗೋಪುರದಂಥ ಕೋಣೆಯಲ್ಲಿ ಮೇಲಿನಿಂದ ನೀರಿನ ತುಂತುರು ಬೀಳುತ್ತಿರುತ್ತದೆ, ಕೆಳಗಿನಿಂದ ಹೊಗೆ ಮೇಲೇರುತ್ತದೆ. ಮಳೆ ಬಂದು ನಿಂತ ಮೇಲೆ ಗಾಳಿ ತಿಳಿಯಾಗುವುದನ್ನು ನೀವು ನೋಡಿರಬಹುದು. ತತ್ವ ಅದೇ.

ದೂಳು ನೀರಿಗೆ ಅಂಟುವುದು ಹೇಗೆ? ಹೊಗೆಯ ಪ್ರವಾಹ ನೀರಿನ ಹನಿಯೊಂದನ್ನು ಬಳಸಿಕೊಂಡು ಹೋಗುವಾಗ, ಅದರಲ್ಲಿರುವ ದಪ್ಪ ಕಣಕ್ಕೆ ಅಷ್ಟು ಬೇಗ ತಿರುಗಲು ಆಗುವುದಿಲ್ಲ. ವೇಗವಾಗಿ ಬಂದ ಲಾರಿ ತಿರುವಿನಲ್ಲಿ ಮರಕ್ಕೆ ಗುದ್ದುವಂತೆ ಅದು ಹನಿಗೆ ಬಡಿದು ಸಿಕ್ಕಿಬೀಳುತ್ತದೆ. ಸಣ್ಣ ಕಣ ಹಾಗಲ್ಲ. ಅದು ಸೈಕಲ್ಲಿನಂತೆ ಹಗುರವಾಗಿ ಪಕ್ಕಕ್ಕೆ ನುಸುಳಿ ಹೊಗೆಯೊಡನೆ ಪಾರಾಗುತ್ತದೆ. ಸಾಧಾರಣ ತುಂತುರು ಗೋಪುರ ಐದು ಮೈಕ್ರಾನಿಗಿಂತ ದಪ್ಪಗಿರುವ ಕಣಗಳನ್ನು ಚೆನ್ನಾಗಿ ಹಿಡಿಯುತ್ತದೆ, ಒಂದು ಮೈಕ್ರಾನಿನ ಆಸುಪಾಸಿನವು ಬಹುಪಾಲು ತಪ್ಪಿಸಿಕೊಳ್ಳುತ್ತವೆ. (ಮಿಲಿಮೀಟರಿನ ಸಾವಿರದ ಒಂದು ಭಾಗವೇ ಮೈಕ್ರಾನ್. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್.)

ಮೂಗೂ ಒಂದು ಸ್ಕ್ರಬರ್

ನಮ್ಮ ಮೂಗು ಕೆಲಸ ಮಾಡುವುದೂ ಹೀಗೆಯೇ. ಒಳಗಿನ ದಾರಿ ಅಂಕುಡೊಂಕು, ಗೋಡೆ ಸದಾ ತೇವ. ಉಸಿರಿನ ಗಾಳಿ ತಿರುಗುವಾಗ ದಪ್ಪ ದೂಳು ಗೋಡೆಗೆ ಬಡಿದು ಲೋಳೆಗೆ ಅಂಟಿಕೊಳ್ಳುತ್ತದೆ. ಆಮೇಲೆ ಸೀನು, ಕೆಮ್ಮು, ಕಫ ಅದನ್ನು ಹೊರಗೆ ಹಾಕುತ್ತವೆ. ಹತ್ತು ಮೈಕ್ರಾನಿಗಿಂತ ದೊಡ್ಡ ಕಣಗಳು ಬಹುತೇಕ ಮೂಗು, ಗಂಟಲಿನಲ್ಲೇ ನಿಲ್ಲುತ್ತವೆ. ಎರಡೂವರೆ ಮೈಕ್ರಾನಿಗಿಂತ ಸಣ್ಣವು ಶ್ವಾಸಕೋಶದ ಗಾಳಿಗೂಡುಗಳವರೆಗೆ ಇಳಿಯುತ್ತವೆ. ಅಂದರೆ ಕಾರ್ಖಾನೆಯ ಸ್ಕ್ರಬರ್ ಬಿಟ್ಟ ದೂಳನ್ನೇ ನಮ್ಮ ಮೂಗೂ ಬಿಡುತ್ತದೆ! ಎರಡರ ದೌರ್ಬಲ್ಯವೂ ಒಂದೇ.

ಈ ಸೂಕ್ಷ್ಮ ದೂಳು ಆಸ್ತಮಾವನ್ನು ಕೆರಳಿಸುತ್ತದೆ, ಹಳೆಯ ಶ್ವಾಸನಾಳದ ಕಾಯಿಲೆಯನ್ನು ಉಲ್ಬಣಿಸುತ್ತದೆ, ಹೃದಯಾಘಾತದ ಅಪಾಯವನ್ನೂ ಹೆಚ್ಚಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2013ರಲ್ಲಿ ಇದನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು.

‘ನಮ್ಮ ಯಂತ್ರ ಶೇಕಡಾ 95ರಷ್ಟು ದೂಳನ್ನು ಹಿಡಿಯುತ್ತದೆ’ ಎಂದು ಯಾರಾದರೂ ಹೇಳಿದರೆ, ಆ ಲೆಕ್ಕ ತೂಕದ್ದೋ ಎಂದು ಕೇಳಿ. ಹತ್ತು ಮೈಕ್ರಾನಿನ ಒಂದೇ ಕಣ, ಒಂದು ಮೈಕ್ರಾನಿನ ಸಾವಿರ ಕಣಗಳಷ್ಟು ತೂಗುತ್ತದೆ. ದಪ್ಪ ಬೂದಿಯನ್ನು ಹಿಡಿದರೆ ತೂಕದ ಲೆಕ್ಕ ಚೆಂದವಾಗಿ ಕಾಣುತ್ತದೆ, ಬಟ್ಟೆಯೂ ಬೆಳ್ಳಗಿರುತ್ತದೆ, ಸೂಕ್ಷ್ಮ ದೂಳು ಮಾತ್ರ ಹಾಗೆಯೇ ಉಳಿದಿರಬಹುದು. ಸಕ್ಕರೆ ಕಾರ್ಖಾನೆಯ ಚಿಮಣಿಗೆ 2016ರಲ್ಲಿ ಕೇಂದ್ರ ಸರ್ಕಾರ ಗೊತ್ತುಪಡಿಸಿದ ಮಿತಿ, ಅಂದರೆ ಘನ ಮೀಟರಿಗೆ 150 ಮಿಲಿಗ್ರಾಂ, ಅದೂ ತೂಕದ ಲೆಕ್ಕವೇ.

ಹಾಗೆಂದು ಉಪಾಯವಿಲ್ಲದೆ ಇಲ್ಲ. ‘ವೆಂಚುರಿ’ ಎಂಬ ಬಗೆಯ ಸ್ಕ್ರಬರಿನಲ್ಲಿ ಹೊಗೆಯನ್ನು ಇಕ್ಕಟ್ಟಾದ ಕಂಠದ ಮೂಲಕ ಸೆಕೆಂಡಿಗೆ 60 ಮೀಟರಿಗೂ ಹೆಚ್ಚು ವೇಗದಲ್ಲಿ ನುಗ್ಗಿಸುತ್ತಾರೆ. ಆ ರಭಸಕ್ಕೆ ಸಣ್ಣ ಕಣವೂ ತಿರುಗಲಾರದೆ ಹನಿಗೆ ಬಡಿಯುತ್ತದೆ. ಆದರೆ ಇದರ ಫ್ಯಾನಿಗೆ ವಿದ್ಯುತ್ ಬಹಳ ಬೇಕು, ಖರ್ಚು ಹೆಚ್ಚು. ಯಾವ ಬಗೆಯದೇ ಇರಲಿ, ನೀರಿನ ಪಂಪ್ ನಿಂತರೆ, ತುಂತುರಿನ ನಳಿಕೆ ಕಟ್ಟಿಕೊಂಡರೆ ಅದು ಬರೀ ಖಾಲಿ ಡಬ್ಬ. ತೊಳೆದ ಕೊಳೆನೀರನ್ನು ತೊಟ್ಟಿಯಲ್ಲಿ ತಂಗಿಸಿ ಕೆಸರು ತೆಗೆಯದೆ ಹಳ್ಳಕ್ಕೆ ಬಿಟ್ಟರೆ ಗಾಳಿಯ ಕೊಳೆ ನೀರಿಗೆ ಹೋಯಿತು, ಅಷ್ಟೆ.

ನೀವು ನೋಡಬೇಕಾದದ್ದು

ಚಿಮಣಿಯಿಂದ ದಟ್ಟವಾದ ಬಿಳಿ ಹೊಗೆ ಬಂದರೆ ಗಾಬರಿಯಾಗಬೇಡಿ. ಒದ್ದೆ ಸ್ಕ್ರಬರಿನಿಂದ ಬರುವ ಹಬೆ ಬಿಳಿಯಾಗಿಯೇ ಇರುತ್ತದೆ, ಸ್ವಲ್ಪ ದೂರ ಹೋಗಿ ಕರಗುತ್ತದೆ. ಹಬೆ ಕರಗಿದ ಮೇಲೂ ಬೂದು ಅಥವಾ ಕಂದು ಬಣ್ಣದ ಪಟ್ಟಿ ಉಳಿದರೆ ಅದು ದೂಳು. ಹಂಗಾಮು ಬಹುಪಾಲು ಚಳಿಗಾಲದಲ್ಲೇ ಬರುವುದರಿಂದ ಬೆಳಗಿನ ಜಾವ ತಣ್ಣನೆಯ ಗಾಳಿ ನೆಲಕ್ಕಂಟಿ ನಿಂತು ಹೊಗೆಯನ್ನೂ ಕೆಳಗೇ ಹಿಡಿದಿಡುತ್ತದೆ. ಆಸ್ತಮಾ ಇರುವವರು, ವಯಸ್ಸಾದವರು ವಾಕಿಂಗನ್ನು ಬಿಸಿಲೇರಿದ ಮೇಲೆ ಇಟ್ಟುಕೊಳ್ಳುವುದು ಒಳ್ಳೆಯದು. ಮೂಗಿಗೆ ಸೆರಗು, ಕರವಸ್ತ್ರ ಕಟ್ಟಿದರೆ ಸೂಕ್ಷ್ಮ ದೂಳು ನಿಲ್ಲುವುದಿಲ್ಲ. ಮುಖಕ್ಕೆ ಸರಿಯಾಗಿ ಕೂರುವ ಎನ್-95 ಮುಖಗವಸೇ ಬೇಕು. ಮನೆಯೊಳಗೆ ಬಿದ್ದ ಬೂದಿಯನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಸೌದೆ ಒಲೆ ಉರಿಸುವ ಮನೆಯಲ್ಲಿ ಇದೇ ಸೂಕ್ಷ್ಮ ದೂಳು ಅಡುಗೆಮನೆಯಲ್ಲೂ ಹುಟ್ಟುತ್ತದೆ ಎಂಬುದು ನೆನಪಿರಲಿ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಕಾರ್ಖಾನೆಯನ್ನು ಬೈದು ಸುಮ್ಮನಾಗದೆ ಕಫ ಪರೀಕ್ಷೆ ಮಾಡಿಸಿ, ಕ್ಷಯವಿರಬಹುದು.

ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ದೂರು ಕೊಡುವವರು ‘ಹೊಗೆ ಬರುತ್ತಿದೆ’ ಎಂದಷ್ಟೇ ಬರೆಯಬೇಡಿ. ಒಂದು ವಾರ ದಿನಾಂಕ, ಗಂಟೆ, ಗಾಳಿ ಬೀಸುವ ದಿಕ್ಕು, ಹೊಗೆಯ ಬಣ್ಣ ಇವಿಷ್ಟನ್ನು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡು ಅದರ ಪ್ರತಿಯನ್ನು ಲಗತ್ತಿಸಿ. ಬೂದಿ ರಾತ್ರಿ ಹೊತ್ತೇ ಹೆಚ್ಚು ಬೀಳುತ್ತಿದ್ದರೆ ಅದನ್ನೂ ಬರೆಯಿರಿ. ಪಂಪ್ ಯಾವಾಗ ನಿಂತಿರುತ್ತದೆ ಎಂದು ಪರಿಶೀಲಿಸಲು ಅಧಿಕಾರಿಗಳಿಗೆ ಅದರಿಂದ ಅನುಕೂಲವಾಗುತ್ತದೆ.