ಯಾರೂ ಕಾಣದ ಎಡೆ

ವ್ಯಾಸರಾಯರು ಒಂದು ದಿನ ತಮ್ಮ ಶಿಷ್ಯರನ್ನೆಲ್ಲ ಕರೆದು ಒಬ್ಬೊಬ್ಬರ ಕೈಗೂ ಒಂದೊಂದು ಬಾಳೆಯ ಹಣ್ಣನ್ನು ಕೊಟ್ಟರು. “ಇದನ್ನು ಯಾರೂ ಕಾಣದ ಎಡೆಯಲ್ಲಿ ತಿಂದು ಬನ್ನಿ” ಎಂದರು. ಶಿಷ್ಯರು ಅತ್ತಿತ್ತ ಚದುರಿದರು. ಒಬ್ಬನು ಕದವಿಕ್ಕಿಕೊಂಡು ಕತ್ತಲೆಯ ಕೋಣೆಯಲ್ಲಿ ತಿಂದನು. ಒಬ್ಬನು ಕಂಬಳಿಯ ಮುಸುಕಿನೊಳಗೆ ತಿಂದನು. ಮತ್ತೊಬ್ಬನು ಹೊಳೆಯ ದಂಡೆಯಲ್ಲಿ ಬಂಡೆಗಳ ಮರೆಯನ್ನು ಹುಡುಕಿಕೊಂಡು ಹೋದನು. ಸ್ವಲ್ಪ ಹೊತ್ತಿನಲ್ಲಿಯೇ ಎಲ್ಲರೂ ಬರಿಗೈಯಲ್ಲಿ ಹಿಂದಿರುಗಿದರು. ಕಡೆಗೆ ಬಂದ ಕನಕದಾಸರ ಕೈಯಲ್ಲಿ ಮಾತ್ರ ಹಣ್ಣು ಹಾಗೆಯೇ ಇದ್ದಿತು. ಗುರುಗಳು ಕಾರಣವನ್ನು ಕೇಳಿದರು. ದೇವರಿಲ್ಲದ ಸ್ಥಳವೊಂದೂ ತಮಗೆ ಸಿಕ್ಕಲಿಲ್ಲವೆಂದೂ, ಅವನು ಕಾಣುತ್ತಿರುವಾಗ ಗುರುಗಳ ಮಾತನ್ನು ನಡೆಸುವ ಬಗೆ ತಿಳಿಯಲಿಲ್ಲವೆಂದೂ ಕನಕದಾಸರು ಬಿನ್ನವಿಸಿದರು.

ಈ ಕಥೆಯನ್ನು ಕೇಳದ ಮಕ್ಕಳು ಕನ್ನಡ ನಾಡಿನಲ್ಲಿ ವಿರಳ. ಇದು ನಡೆದ ಸಂಗತಿಯೋ, ಬಾಯಿಂದ ಬಾಯಿಗೆ ಬೆಳೆದುಬಂದ ಐತಿಹ್ಯವೋ ಎಂಬುದು ಬೇರೆಯ ಮಾತು. ಸಾಮಾನ್ಯವಾಗಿ ಇದನ್ನು ಕನಕದಾಸರ ಜಾಣ್ಮೆಯ ನಿದರ್ಶನವೆಂದು ಹೇಳಿ ಮುಗಿಸಿಬಿಡುವುದುಂಟು. ಆದರೆ ಕಥೆಯ ಒಳಗಿರುವ ಒಂದು ಸೂಕ್ಷ್ಮವನ್ನು ಗಮನಿಸಬೇಕು. ದೇವರು ಸರ್ವಾಂತರ್ಯಾಮಿ ಎಂಬುದು ಮಠದ ಉಳಿದ ಶಿಷ್ಯರಿಗೆ ತಿಳಿಯದ ವಿಷಯವಾಗಿರಲಿಲ್ಲ. ಅವರು ಶಾಸ್ತ್ರವನ್ನು ಓದಿದವರು. ಕೇಳಿದ್ದರೆ ಅದಕ್ಕೆ ಹತ್ತಾರು ಪ್ರಮಾಣಗಳನ್ನು ಒಪ್ಪಿಸುತ್ತಿದ್ದರು. ಆದರೂ ‘ಯಾರೂ ಇಲ್ಲ’ ಎಂದು ಸುತ್ತ ನೋಡಿ ಎಣಿಸುವಾಗ ಅವರ ಎಣಿಕೆಯಲ್ಲಿ ಗೆಳೆಯರು ಸೇರಿದರು, ದಾರಿಹೋಕರು ಸೇರಿದರು, ದೇವರು ಮಾತ್ರ ಸೇರಲಿಲ್ಲ. ಕನಕದಾಸರ ಎಣಿಕೆಯಲ್ಲಿ ಅವನೂ ಒಬ್ಬನಾಗಿ ಸೇರಿದ್ದನು. ಅಷ್ಟೇ ವ್ಯತ್ಯಾಸ.

ದೇವರಿಗೆ ಅಂಜಿ ಕನಕದಾಸರು ಹಣ್ಣನ್ನು ತಿನ್ನಲಿಲ್ಲವೆಂದು ಹೇಳುವುದೂ ಸರಿಯಾಗಲಾರದು. ಹಣ್ಣು ಕದ್ದುದಲ್ಲ, ಗುರುಗಳೇ ಕೊಟ್ಟದ್ದು. ತಿನ್ನುವುದರಲ್ಲಿ ಯಾವ ತಪ್ಪೂ ಇರಲಿಲ್ಲ. ದೇವರ ಕಣ್ಣಮುಂದೆಯೇ ನಿಶ್ಚಿಂತೆಯಿಂದ ತಿನ್ನಬಹುದಾಗಿತ್ತು. ಆದರೆ ಹಾಗೆ ತಿಂದು ಬಂದು ‘ಯಾರೂ ಕಾಣಲಿಲ್ಲ’ ಎಂದು ಗುರುಗಳೆದುರು ನಿಲ್ಲುವುದು ಸುಳ್ಳಾಗುತ್ತಿತ್ತು. ಅವರನ್ನು ತಡೆದದ್ದು ಭಯವಲ್ಲ, ಸತ್ಯ. ತಪ್ಪು ಮಾಡಿದಾಗ ಶಿಕ್ಷಿಸುವ ಕಾವಲುಗಾರನಂತೆ ದೇವರನ್ನು ಕಾಣುವುದು ಒಂದು ಬಗೆ. ಏಕಾಂತದಲ್ಲಿಯೂ ಜೊತೆಗಿರುವ ಒಬ್ಬ ಆಪ್ತನಂತೆ ಕಾಣುವುದು ಇನ್ನೊಂದು ಬಗೆ. ಕನಕದಾಸರದು ಎರಡನೆಯದು.

ಇನ್ನು ಗುರುಗಳ ಕಡೆಯಿಂದ ನೋಡೋಣ. ವ್ಯಾಸರಾಯರು ಸಾಮಾನ್ಯ ವಿದ್ವಾಂಸರಲ್ಲ. ‘ನ್ಯಾಯಾಮೃತ’, ‘ತರ್ಕತಾಂಡವ’, ‘ತಾತ್ಪರ್ಯಚಂದ್ರಿಕಾ’ ಎಂಬ ಪ್ರೌಢ ಗ್ರಂಥಗಳನ್ನು ಸಂಸ್ಕೃತದಲ್ಲಿ ರಚಿಸಿದವರು. ವಿಜಯನಗರದ ಆಸ್ಥಾನದಲ್ಲಿ ಕೃಷ್ಣದೇವರಾಯನಿಂದ ಪೂಜೆಗೊಂಡವರು. ವಾದಕ್ಕೆ ನಿಂತರೆ ಅವರನ್ನು ಗೆಲ್ಲುವವರು ಅಪರೂಪ. ಅಂಥವರು ಮನಸ್ಸು ಮಾಡಿದ್ದರೆ ಈ ತತ್ತ್ವವನ್ನು ಕುರಿತು ದಿನಗಟ್ಟಲೆ ಪ್ರವಚನ ಮಾಡಬಹುದಾಗಿತ್ತು. ಅದನ್ನು ಬಿಟ್ಟು ಒಂದು ಬಾಳೆಯ ಹಣ್ಣನ್ನು ಕೈಗಿತ್ತು, ಶಿಷ್ಯರನ್ನು ತಮ್ಮ ಕಣ್ಣಿನಿಂದ ಆಚೆಗೆ ಕಳುಹಿಸಿದರು. ಗುರುವಿನ ಎದುರಿಗೆ ಎಲ್ಲ ಶಿಷ್ಯರೂ ಒಳ್ಳೆಯವರೇ. ಗುರುವಿಲ್ಲದ ಕಡೆ ಶಿಷ್ಯನು ಏನಾಗಿರುತ್ತಾನೆ ಎಂಬುದನ್ನು ಶಿಷ್ಯನೇ ಕಂಡುಕೊಳ್ಳುವಂತೆ ಅವರು ಏರ್ಪಾಡು ಮಾಡಿದರು. ಶ್ರೀಪಾದರಾಜರ ಬಳಿ ಮುಳಬಾಗಿಲಿನಲ್ಲಿ ತಾವೂ ಶಿಷ್ಯರಾಗಿ ಕುಳಿತು ಕಲಿತವರಾದುದರಿಂದ, ಹೇಳಿಕೊಡುವುದಕ್ಕೂ ಕಲಿಯುವುದಕ್ಕೂ ನಡುವೆ ಇರುವ ದೂರ ಅವರಿಗೆ ತಿಳಿದಿದ್ದಿತು.

ಗುರುಗಳ ಬಳಿಗೆ ಬರುವ ಮುನ್ನವೇ ಕನಕದಾಸರು ಬಹಳಷ್ಟನ್ನು ಕಂಡವರು. ಇಂದಿನ ಹಾವೇರಿ ಜಿಲ್ಲೆಯ ಬಾಡ ಅವರ ಹುಟ್ಟೂರು. ಬೀರಪ್ಪ ಮತ್ತು ಬಚ್ಚಮ್ಮ ಎಂಬ ಕುರುಬ ದಂಪತಿಗಳ ಮಗನಾಗಿ ಹುಟ್ಟಿದ ಅವರ ಮೊದಲ ಹೆಸರು ತಿಮ್ಮಪ್ಪ. ಬಂಕಾಪುರದ ಸೀಮೆಯಲ್ಲಿ ನಾಯಕರಾಗಿ, ಕತ್ತಿ ಹಿಡಿದು ಆಳನ್ನು ನಡೆಸಿದವರು. ಹೊನ್ನಿನ ನಿಕ್ಷೇಪ ದೊರೆತುದರಿಂದ ಕನಕನಾಯಕರೆಂಬ ಹೆಸರು ಬಂದಿತೆಂದು ಪ್ರತೀತಿ. ಆದಿಕೇಶವನು ಕನಸಿನಲ್ಲಿ ಬಂದು ‘ನನ್ನ ದಾಸನಾಗು’ ಎಂದು ಕರೆದರೂ ನಾಯಕತನದ ಹಮ್ಮು ಅವರನ್ನು ಬಿಡಲಿಲ್ಲವಂತೆ. ಕಡೆಗೆ ಒಂದು ಯುದ್ಧದಲ್ಲಿ ಗಾಯಗೊಂಡು ರಣಭೂಮಿಯಲ್ಲಿ ಬಿದ್ದಾಗ ಆ ಕರೆ ಅವರಿಗೆ ಕೇಳಿಸಿತೆಂದು ಹೇಳುತ್ತಾರೆ. ಅನಂತರ ಅವರು ಹಾಡಿದ ಕೀರ್ತನೆಗಳ ಕೊನೆಯಲ್ಲೆಲ್ಲ ಬರುವುದು ಕಾಗಿನೆಲೆಯ ಆದಿಕೇಶವನ ಅಂಕಿತ. ಊರಿನ ದೇವರೊಬ್ಬನು ಹೀಗೆ ಕವಿಯ ಸಹಿಯಾದನು. ಸ್ವಂತ ಹೆಸರನ್ನು ಮೆರೆಸಬೇಕಾದ ಎಡೆಯಲ್ಲಿ ಪ್ರತಿದಿನವೂ ಇನ್ನೊಬ್ಬನ ಹೆಸರನ್ನಿಟ್ಟು ಹಾಡುವುದೆಂದರೆ, ಒಮ್ಮೆ ನಾಯಕನಾಗಿದ್ದವನಿಗೆ ಅದು ಸಣ್ಣ ಅಭ್ಯಾಸವಲ್ಲ.

ಈ ಅಭ್ಯಾಸದ ಫಲವನ್ನು ಇನ್ನೊಂದು ಐತಿಹ್ಯ ತೋರಿಸುತ್ತದೆ. ಮೋಕ್ಷಕ್ಕೆ ಹೋಗುವವರು ಯಾರು ಎಂಬ ಪ್ರಶ್ನೆ ಮಠದಲ್ಲಿ ಎದ್ದಾಗ, ಕನಕದಾಸರು “ನಾನು ಹೋದರೆ ಹೋದೇನು” ಎಂದರು. ಎಂಥ ಅಹಂಕಾರವೆಂದು ಸಭೆ ಕೆರಳಿತು. ‘ನಾನು’ ಎಂಬುದು ತೊಲಗಿದರೆ ಹೋದೇನು ಎಂಬ ಅರ್ಥ ಹೊಳೆದದ್ದು ಬಳಿಕ. ಕನ್ನಡದಲ್ಲಲ್ಲದೆ ಬೇರೆ ಯಾವ ನುಡಿಯಲ್ಲಿಯೂ ಈ ಮಾತನ್ನು ಇಷ್ಟು ಚಿಕ್ಕದಾಗಿ ಹೇಳಲು ಬಂದೀತೇ!

ಮಠದಲ್ಲಿ ಅವರ ದಿನಗಳು ಸುಖವಾಗಿ ಕಳೆದವೆಂದು ತಿಳಿಯಬಾರದು. ವ್ಯಾಸರಾಯರು ಕನಕದಾಸರ ಮೇಲೆ ದಯೆ ತೋರಿದುದಕ್ಕಾಗಿ ಮಠದವರು ದೂರಿದ ಸಂಗತಿ ಪುರಂದರದಾಸರ ಹೆಸರಿನ ಕೀರ್ತನೆಯೊಂದರಲ್ಲಿಯೇ ಬರುತ್ತದೆ. ಹುಟ್ಟಿನಿಂದ ಮನುಷ್ಯನನ್ನು ಅಳೆಯುವ ರೂಢಿ ಬಲವಾಗಿದ್ದ ಕಾಲವದು. ಗುರುಗಳು ಬಯಸಿದ್ದರೆ ತಮ್ಮ ಅಧಿಕಾರದಿಂದಲೇ ದೂರುವವರ ಬಾಯಿ ಮುಚ್ಚಿಸಬಹುದಾಗಿತ್ತು. ಹಾಗೆ ಮುಚ್ಚಿದ ಬಾಯಿ ಅವರು ಅತ್ತ ಹೋದೊಡನೆ ಮತ್ತೆ ತೆರೆದುಕೊಳ್ಳುತ್ತಿತ್ತು. ಹಣ್ಣಿನ ಪರೀಕ್ಷೆಯಲ್ಲಿ ಎಲ್ಲರಿಗೂ ಒಂದೇ ಹಣ್ಣು, ಒಂದೇ ಮಾತು. ತೀರ್ಪನ್ನು ಗುರುಗಳು ಹೇಳಬೇಕಾಗಿಯೇ ಬರಲಿಲ್ಲ.

ಈ ಪಾಠ ಕನಕದಾಸರ ಮನಸ್ಸಿನಲ್ಲಿ ಎಷ್ಟು ಆಳವಾಗಿ ಇಳಿಯಿತೆಂಬುದಕ್ಕೆ ಅವರ ‘ರಾಮಧಾನ್ಯಚರಿತೆ’ಯನ್ನು ನೋಡಬೇಕು. ಭಾಮಿನಿ ಷಟ್ಪದಿಯಲ್ಲಿರುವ ಈ ಚಿಕ್ಕ ಕಾವ್ಯದಲ್ಲಿ ಜಗಳವಾಡುವವರು ಅರಸರಲ್ಲ, ಧಾನ್ಯಗಳು. ಲಂಕೆಯಿಂದ ಹಿಂದಿರುಗುತ್ತಿರುವ ಶ್ರೀರಾಮನ ಎದುರಿನಲ್ಲಿ, ಧಾನ್ಯಗಳಲ್ಲಿ ಯಾವುದು ಮೇಲು ಎಂಬ ಚರ್ಚೆ ಹುಟ್ಟುತ್ತದೆ. ವ್ರೀಹಿ, ಎಂದರೆ ಬತ್ತ, ತನ್ನ ಕುಲವನ್ನು ಹೊಗಳಿಕೊಳ್ಳುತ್ತದೆ: ದೇವರ ನೈವೇದ್ಯಕ್ಕೆ ತಾನು, ಮಂಗಳಕಾರ್ಯಕ್ಕೆ ತಾನು. ನರೆದಲೆಗವೆಂದು ಕವಿ ಕರೆಯುವ ರಾಗಿ ಸುಮ್ಮನಿರುವುದಿಲ್ಲ: ನೀನು ಉಳ್ಳವರನ್ನು ಓಲೈಸುವವನು, ಮಳೆಯಿಲ್ಲದ ವರ್ಷ ಬಡವರನ್ನು ಬದುಕಿಸುವವನು ನಾನು ಎನ್ನುತ್ತದೆ. ಮಾತಿಗೆ ಮಾತು ಬೆಳೆಯುತ್ತದೆ. ಶ್ರೀರಾಮನು ಆಗ ಯಾರ ಪರವಾಗಿಯೂ ಮಾತನಾಡುವುದಿಲ್ಲ. ಎರಡನ್ನೂ ಆರು ತಿಂಗಳ ಕಾಲ ಸೆರೆಯಲ್ಲಿರಿಸಲು ಆಜ್ಞಾಪಿಸಿ ತನ್ನ ದಾರಿಯನ್ನು ಹಿಡಿಯುತ್ತಾನೆ.

ಸೆರೆಮನೆಯ ಕತ್ತಲೆಯಲ್ಲಿ ಹೊಗಳುವವರಿಲ್ಲ, ಹಳಿಯುವವರೂ ಇಲ್ಲ. ಅವಧಿ ಮುಗಿದು ಹೊರಗೆ ತಂದಾಗ ಬತ್ತವು ಕಳೆಗುಂದಿತ್ತು. ರಾಗಿ ಇದ್ದಂತೆಯೇ ಇದ್ದಿತು. ಇದು ಬರಿಯ ಕವಿಕಲ್ಪನೆಯಲ್ಲ. ಹಿಂದಿನ ಕಾಲದಲ್ಲಿ ರೈತರು ರಾಗಿಯನ್ನು ಹಗೇವಿನಲ್ಲಿ, ಎಂದರೆ ನೆಲದೊಳಗೆ ತೋಡಿದ ಕಣಜದಲ್ಲಿ ತುಂಬಿ ಬಾಯಿ ಮುಚ್ಚಿಬಿಡುತ್ತಿದ್ದರು. ವರ್ಷಗಳು ಕಳೆದು ತೆಗೆದರೂ ಅದಕ್ಕೆ ಹುಳು ಹಿಡಿಯುತ್ತಿರಲಿಲ್ಲ. ಕುರುಬರ ಮನೆಯಲ್ಲಿ ಬೆಳೆದ ಕವಿಗೆ ಈ ಕಾಳಿನ ಗುಣವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಶ್ರೀರಾಮನ ಈ ಸೆರೆಮನೆಯೂ ವ್ಯಾಸರಾಯರ ‘ಯಾರೂ ಕಾಣದ ಎಡೆ’ಯೂ ಒಂದೇ ಅಲ್ಲವೇ? ಗುರುಗಳು ತಮ್ಮನ್ನು ಹೇಗೆ ನಡೆಸಿಕೊಂಡರೋ ಹಾಗೆಯೇ ತಮ್ಮ ಕಾವ್ಯದ ದೇವರನ್ನು ಕನಕದಾಸರು ನಡೆಯಿಸಿದ್ದಾರೆ. ರಾಮನು ಗೆದ್ದ ಧಾನ್ಯಕ್ಕೆ ತನ್ನ ರಾಘವನೆಂಬ ಹೆಸರನ್ನೇ ಇತ್ತನೆಂದೂ, ಅದರಿಂದಲೇ ‘ರಾಗಿ’ ಎಂಬ ಮಾತು ಬಂದಿತೆಂದೂ ಕಾವ್ಯ ಹೇಳುತ್ತದೆ. ಭಾಷಾಶಾಸ್ತ್ರಜ್ಞರು ಇದನ್ನು ಒಪ್ಪಲಿಕ್ಕಿಲ್ಲ. ಕವಿಗೆ ಅದರ ಚಿಂತೆಯಿಲ್ಲ.

ನಾಚಿ ನಿಂತ ಬತ್ತವನ್ನೂ ರಾಮನು ಹೀಯಾಳಿಸುವುದಿಲ್ಲ. ಸಂತೈಸಿ, ಲೋಕದಲ್ಲಿ ಅದಕ್ಕಿರುವ ಸ್ಥಾನವನ್ನು ನೆನಪಿಸಿ ಕಳುಹಿಸುತ್ತಾನೆ. ಹಣ್ಣನ್ನು ತಿಂದು ಬಂದ ಶಿಷ್ಯರನ್ನು ವ್ಯಾಸರಾಯರು ಮಠದಿಂದ ಹೊರಗಟ್ಟಿದರೆಂದು ಆ ಕಥೆಯೂ ಎಲ್ಲಿಯೂ ಹೇಳುವುದಿಲ್ಲ. ಮರುದಿನವೂ ಅವರೆಲ್ಲರೂ ಕನಕದಾಸರ ಜೊತೆಯಲ್ಲಿಯೇ ಪಾಠಕ್ಕೆ ಕುಳಿತಿರಬೇಕು.